ಫುಕಟ್ ಪೆಟ್ಟಿಗೆ

ತಂಬಾಕಿನ ವಾಸನೆ ಮೂಗಿಗಿಂತ ಮೊದಲು ಗಂಟಲಿಗೆ ತಾಗುತ್ತಿತ್ತು. ಅಪ್ಪನ ಹೆಗಲ ಮೇಲಿನ ಟವೆಲಿನಲ್ಲಿ ಅದು ಎಷ್ಟು ಒಗೆದರೂ ಹೋಗದಂತೆ ಕೂತುಬಿಟ್ಟಿತ್ತು. ಅದರೊಂದಿಗೆ ಎತ್ತಿನ ಬೆವರು, ಹಸಿ ಗೋಣಿತಟ್ಟು, ಎಲ್ಲೋ ತಳದಲ್ಲಿ ಸ್ವಲ್ಪ ಬೆಲ್ಲ. ದನದ ಸಂತೆಯಲ್ಲಿ ಅಪ್ಪ ಆ ಟವೆಲನ್ನು ತನ್ನ ಕೈ ಮತ್ತು ಎದುರಿನವನ ಕೈ ಎರಡರ ಮೇಲೂ ಹಾಸಿ, ಅದರ ಕೆಳಗೆ ಬೆರಳು ಹಿಡಿದು ಎತ್ತಿನ ದರ ಮಾತಾಡುವಾಗ, ಹುಡುಗ ಮುರಗೆಪ್ಪ ಬಗ್ಗಿ ಅದರೊಳಗೆ ತಲೆ ತೂರಿಸುತ್ತಿದ್ದ. ಒಳಗೆ ಅರೆಗತ್ತಲೆ, ಆ ವಾಸನೆ, ಒಂದನ್ನೊಂದು ಒತ್ತುವ, ಬಿಡುವ ದಪ್ಪ ಬೆರಳುಗಳು. ಮೇಲೆ ಬಿಸಿಲಿನಲ್ಲಿ ಇಬ್ಬರೂ ಮಳೆಯ ಮಾತು, ಮದುವೆಯ ಮಾತು ಆಡುತ್ತ ನಗುತ್ತಿದ್ದರು. ಲೋಕದ ನಿಜವಾದ ವ್ಯವಹಾರವೆಲ್ಲ ಟವೆಲಿನ ಕೆಳಗೆ ನಡೆಯುತ್ತದೆ, ಬಾಯಲ್ಲಿ ಬರುವುದೆಲ್ಲ ಸುಮ್ಮನೆ ಗದ್ದಲ ಎಂದು ಅವನು ಆಗಲೇ ತಿಳಿದುಕೊಂಡ. ಅರವತ್ತು ದಾಟಿದ ಮೇಲೂ ಆ ತಿಳುವಳಿಕೆಯನ್ನು ಬದಲಿಸಬೇಕೆಂದು ಅವನಿಗೆ ಅನಿಸಿರಲಿಲ್ಲ. ಈಗ ನಿಪ್ಪಾಣಿಯ ಬಸ್‌ಸ್ಟ್ಯಾಂಡಿನಲ್ಲಿ ಇಳಿಯುತ್ತಿದ್ದಂತೆ ಯಾವುದೋ ತಂಬಾಕಿನ ವಖಾರಿಯ ಕಡೆಯಿಂದ ಗಾಳಿ ಬೀಸಿ ಅದೇ ವಾಸನೆ ಗಂಟಲು ಹಿಡಿಯಿತು. ಮುರಗೆಪ್ಪ ಜೋರಾಗಿ ಸೀನಿದ. ಹಿಂದೆ ಇಳಿದ ಸೊಸೆ ಸ್ನೇಹಲ ನೀರಿನ ಬಾಟಲಿಯ ಮುಚ್ಚಳ ತಿರುವಿ ಅವನ ಮುಂದೆ ಹಿಡಿದಳು. ಅವನು ಕುಡಿದ. ಕುಡಿದದ್ದು ಅವನ ಗಮನಕ್ಕೆ ಬರಲಿಲ್ಲ.

ಅವನ ಗಮನವೆಲ್ಲ ಬೆಳಿಗ್ಗೆ ಮಗ ಆಡಿದ ಒಂದು ಮಾತಿನ ಮೇಲಿತ್ತು. ಮಲ್ಲೇಶ ಹಾಲಿನ ಡೇರಿಯ ಪಾಳಿಗೆ ಹೊರಟವನು, ಬೂಟಿನ ದಾರ ಕಟ್ಟುತ್ತ, ತಲೆ ಎತ್ತದೆ ಹೇಳಿದ್ದ: "ಅಪ್ಪಾ, ಯಾವದು ತಗೋಬೇಕಂತ ಆಕೀಗಿ ಗೊತ್ತೈತಿ. ನೀ ಸುಮ್ನ ಜೊತಿಗೆ ಹೋಗು, ಸಾಕು." ಸುಮ್ನ ಜೊತಿಗೆ. ಸದಲಗಾದಿಂದ ನಿಪ್ಪಾಣಿಯವರೆಗೆ ಬಸ್ಸು ಗುಂಡಿ ಹಾರಿದಾಗಲೆಲ್ಲ ಆ ಮಾತೂ ಅವನೊಂದಿಗೆ ಒಮ್ಮೆ ಮೇಲೆ ಹಾರಿ ಕೆಳಗೆ ಕೂತಿತ್ತು. ಒಂದು ಕಾಲಕ್ಕೆ ದೂಧಗಂಗಾ ನದಿಯ ಈಚೆ ದಂಡೆಯಲ್ಲಿ ಎತ್ತು ಕೊಳ್ಳುವವರು ಯಾರೂ ಮುರಗೆಪ್ಪನನ್ನು ಬಿಟ್ಟು ಸಂತೆಗೆ ಹೋಗುತ್ತಿರಲಿಲ್ಲ. ಅವನು ಹಲ್ಲು ನೋಡುತ್ತಿದ್ದ, ಗೊರಸು ತಟ್ಟುತ್ತಿದ್ದ, ಬಾಲ ಎಳೆಯುತ್ತಿದ್ದ. ಎಲ್ಲಕ್ಕಿಂತ ಹೆಚ್ಚಾಗಿ, ದರ ಮುಗಿದ ಮೇಲೂ ಅಲ್ಲಿಂದ ಏಳದೆ ಕೂತು, ಎತ್ತಿನ ಜೊತೆಗೆ ಹಗ್ಗ, ಹಗ್ಗದ ಜೊತೆಗೆ ಹಿತ್ತಾಳೆಯ ಗೆಜ್ಜೆಸರ ಬಿಡಿಸಿಕೊಂಡೇ ಬರುತ್ತಿದ್ದ. ಮೇಲೊಂದು ಏನಾದರೂ ಬಾರದ ವ್ಯವಹಾರವನ್ನು ಅವನು ವ್ಯವಹಾರವೆಂದೇ ಎಣಿಸುತ್ತಿರಲಿಲ್ಲ. ಈಗ ಊರಲ್ಲಿ ಎತ್ತು ಕೊಳ್ಳುವವರಿಲ್ಲ. ಟ್ರ್ಯಾಕ್ಟರ್ ಶೋರೂಮಿನಲ್ಲಿ ಟವೆಲ್ ಹಾಸಿದರೆ, ಬೆವರು ಒರೆಸಿಕೊಳ್ಳಲು ಕೊಟ್ಟರೇನೋ ಎಂದು ಆ ಹುಡುಗರು ಮುಖ ಒರೆಸಿಕೊಂಡು ಮಡಿಸಿ ವಾಪಸು ಕೊಡುತ್ತಾರೆ. ಆದರೂ ಟವೆಲ್ ಇಲ್ಲದೆ ಮುರಗೆಪ್ಪ ಮನೆ ಬಿಡುವುದಿಲ್ಲ.

ಬಸ್ಸಿನಲ್ಲಿ ಸ್ನೇಹಲ ಬಿಡಿಸಿ ಹೇಳಿದ್ದಳು. ಹೇಳಲು ಅವಳಿಗೇನೂ ಅಂಜಿಕೆಯಿಲ್ಲ. ಮನೆಯಲ್ಲಿ ಮಾತು ಕಡಿಮೆಯಲ್ಲ. ಡಿಪ್ಲೊಮಾ ಓದಿದವಳು, ಚಿಕ್ಕೋಡಿಯ ಒಬ್ಬ ಇಂಜಿನಿಯರರ ಆಫೀಸಿಗೆ ಹೋಗಿ ಅವರ ಕಂಪ್ಯೂಟರಿನಲ್ಲಿ ಮನೆಗಳ ನಕ್ಷೆ ತೆಗೆಯುತ್ತಿದ್ದಳು. ಒಂದು ಸಾಲು ಮನೆಗಳ ಕೆಲಸ ಬಂದಿದೆ, ನಿಮ್ಮದೇ ಮಷೀನು ಇದ್ದರೆ ಮನೆಯಲ್ಲೇ ಕೂತು ಮಾಡಿ, ಇಲ್ಲವಾದರೆ ಸೋಮವಾರ ಅಥಣಿಯ ಹುಡುಗಿಗೆ ಕೊಡುತ್ತೇನೆ ಎಂದು ಇಂಜಿನಿಯರರು ಹೇಳಿದ್ದರು. ಕೂಡಿಟ್ಟದ್ದು ಅವಳದೇ ದುಡಿಮೆ. "ಕರೇ ಲ್ಯಾಪ್ಟಾಪ್ ಒಂದ ಐತ್ರಿ ಮಾವಾರ, ಅದ ಬೇಕು. ಬ್ಯಾರೇದು ನಕ್ಷೆ ಎಳೀಲಿಕ್ಕ ಬರಂಗಿಲ್ಲ," ಎಂದಿದ್ದಳು. ಅವನು ಕಿಟಕಿಯ ಹೊರಗೆ ಕಬ್ಬು ನೋಡುತ್ತ ಹೂಂ ಅಂದಿದ್ದ. ಸಂತೆಗೆ ಹೋಗುವ ದಾರಿಯಲ್ಲೇ ಇಂಥ ಎತ್ತು ಬೇಕು ಎಂದು ಬಾಯಿಬಿಡುವ ಗಿರಾಕಿಯನ್ನು ಕಂಡರೆ ಅವನಿಗೆ ಮೊದಲಿನಿಂದಲೂ ಕನಿಕರ.

ಅಂಗಡಿ ತಣ್ಣಗಿತ್ತು. ಥರ್ಮಾಕೋಲ್, ಹೊಸ ಪ್ಲಾಸ್ಟಿಕ್ಕು, ಊದಿನಕಡ್ಡಿ. ದನದ ಸಂತೆಯ ಹತ್ತಿರವೂ ಸುಳಿಯದ ವಾಸನೆ. ಮಾಲೀಕ ನಿಲೇಶ ಎಂಬ ಎಳೆಯ, "ಯಾ ಕಾಕಾ, ಬರ್ರಿ, ಬಸಾ ಬಸಾ," ಎಂದು ಮರಾಠಿ, ಕನ್ನಡ ಎರಡೂ ಭಾಷೆಯಲ್ಲಿ ಕರೆದು, ಮೊದಲು ನೀರು ಕೊಟ್ಟ, ಫ್ಯಾನನ್ನು ಅವರ ಕಡೆ ತಿರುಗಿಸಿದ. ಇದೆಲ್ಲ ಗಿರಾಕಿಯನ್ನು ಮೆತ್ತಗೆ ಮಾಡುವ ಉಪಾಯವೆಂದು ಮುರಗೆಪ್ಪ ಮನಸ್ಸಿನಲ್ಲೇ ಗುರುತು ಹಾಕಿಕೊಂಡ. ಸ್ನೇಹಲ ನಕ್ಷೆಯ ಕೆಲಸಕ್ಕೆಂದು ಹೇಳಿ ಕೇಳಿದ ಕರಿಯ ಲ್ಯಾಪ್ಟಾಪು ಮೇಜಿನ ಮೇಲೆ ಸುಮ್ಮನೆ ಕೂತಿತ್ತು, ಬಡವರ ಮನೆಯ ಕನ್ಯೆಯಂತೆ, ಒಡವೆ ವಸ್ತ್ರ ಏನೂ ಇಲ್ಲದೆ. ಅದರ ಪಕ್ಕದಲ್ಲಿ ಬೆಳ್ಳಿ ಬಣ್ಣದ್ದೊಂದು. ಅದರ ಬೆನ್ನಿಗೆ ಒಂದು ದೊಡ್ಡ ಪೆಟ್ಟಿಗೆ. ಪೆಟ್ಟಿಗೆಯ ಮೇಲೆ ಕತ್ತಿ ಹಿಡಿದು ಬೆಂಕಿಯೊಳಗಿಂದ ಹಾರುವ ಒಬ್ಬ ಕಟ್ಟುಮಸ್ತಾದ ಗಂಡಸು.

"ಇದೇನ ಇದು?"

"ಗೇಮ್ ಕನ್ಸೋಲ್ ಕಾಕಾ. ಟೀವಿಗೆ ಜೋಡಿಸಿ ಆಟ ಆಡೋದು. ಈ ಸಿಲ್ವರ್ ಲ್ಯಾಪ್ಟಾಪ್ ತಗೊಂಡ್ರ ಇದು ಫುಕಟ್. ಆಫರ್ ಐತಿ."

"ಎರಡರ ದರ?"

"ಎರಡೂ ಒಂದ ದರ ಕಾಕಾ."

ಮುರಗೆಪ್ಪ ಎದ್ದು ನಿಂತ. ಅವನ ಮೊಣಕಾಲಿನ ನೋವು ಎಲ್ಲಿಗೋ ಹೋಯಿತು. ಒಂದೇ ದರ, ಒಂದರ ಜೊತೆಗೆ ಏನೂ ಇಲ್ಲ, ಇನ್ನೊಂದರ ಜೊತೆಗೆ ಇಷ್ಟು ದೊಡ್ಡ ಪೆಟ್ಟಿಗೆ. ಇದನ್ನು ಲೆಕ್ಕ ಹಾಕಲು ಡಿಪ್ಲೊಮಾ ಬೇಕೇ, ಮನೆಯ ಎಮ್ಮೆಯನ್ನು ತಂದು ನಿಲ್ಲಿಸಿದರೂ ಅದು ಯಾವ ಕಡೆ ಕತ್ತು ಚಾಚುತ್ತದೆಂದು ಹೇಳಬಹುದು. ಅವನು ಎರಡೂ ಕೈಯಿಂದ ಪೆಟ್ಟಿಗೆಯನ್ನು ಎತ್ತಿ, ಟಗರಿನ ತೂಕ ನೋಡುವಂತೆ ಒಮ್ಮೆ ಮೇಲೆ ಒಮ್ಮೆ ಕೆಳಗೆ ಆಡಿಸಿದ. ಭಾರವಿತ್ತು. ಭಾರವಿದ್ದ ವಸ್ತು ಅವನಿಗೆ ಎಂದೂ ಮೋಸ ಮಾಡಿರಲಿಲ್ಲ. ಮಾಡಿದ್ದೇ ಇಲ್ಲವೆಂದೇನಲ್ಲ. ಊರಿನ ರೈತ ಕಾಮಣ್ಣನಿಗೆ ಕೊಡಿಸಿದ ಆ ಮಾಸಲು ಬಣ್ಣದ ಎತ್ತು ಎಷ್ಟು ಭಾರವಿತ್ತು, ಎಂಥ ಕೊಂಬು. ಅದರ ಕೊರಳಲ್ಲಿದ್ದ ಗೆಜ್ಜೆಸರವನ್ನು ಮಾರುವವನು ಬಿಡಲೊಲ್ಲದೆ, ಮುರಗೆಪ್ಪ ಹಟ ಹಿಡಿದು, ಕೊನೆಗೆ ಸರ ಬಂತು ಎಂಬ ಸಂತೋಷದಲ್ಲಿ ಎತ್ತನ್ನು ನಾಲ್ಕು ಹೆಜ್ಜೆ ನಡೆಸಿ ನೋಡುವುದನ್ನೇ ಮರೆತಿದ್ದ. ಅದು ನೇಗಿಲಿಗೆ ಹೂಡಿದ ಮೊದಲ ದಿನ, ಸಾಲಿನ ನಡುವೆ, ಯಾರ ಮೇಲೂ ಸಿಟ್ಟಿಲ್ಲದವರಂತೆ ಮಲಗಿಬಿಟ್ಟಿತು. ಆಮೇಲೆ ದಿನಾ ಮಲಗಿತು. ಮಲಗುವಾಗ ಗೆಜ್ಜೆ ಘಲ್ ಎನ್ನುತ್ತಿತ್ತು. ಕಾಮಣ್ಣ ಅವನಿಗೆ ಒಂದು ಮಾತೂ ಅನ್ನಲಿಲ್ಲ. ಅವನ ಹೊಲದ ಬದುವಿನಲ್ಲಿ ಹಾದುಹೋದರೆ ಕರೆದು ಮಜ್ಜಿಗೆ ಕೊಡುತ್ತಿದ್ದ. ಆ ಮಜ್ಜಿಗೆ ಕುಡಿಯಲಾರದೆ ಮುರಗೆಪ್ಪ ಎಷ್ಟೋ ವರ್ಷ ಸುತ್ತುಬಳಸಿ ಕಾಲುವೆಯ ಮೇಲಿಂದ ಮನೆಗೆ ಹೋಗುತ್ತಿದ್ದ.

"ಇದರಾಗ ಏನ್ ಕಡಿಮಿ ಐತಿ?" ಎಂದ.

ನಿಲೇಶ ಸ್ನೇಹಲಳನ್ನೊಮ್ಮೆ ನೋಡಿದ. "ಕಡಿಮಿ ಅಂತಲ್ಲ ಕಾಕಾ. ಪಿಕ್ಚರ್ ನೋಡಾಕ, ಪತ್ರ ಬರಿಯಾಕ ಏಕದಮ್ ಭಾರಿ ಐತಿ. ಈ ವಹಿನಿ ನಕ್ಷೆ ಕೆಲಸ ಅಂದ್ರಲ್ಲ, ಅದಕ್ಕ ಮಾತ್ರ ಈ ಕರೇದ ಚಲೋ. ನಾ ಇದ್ದದ್ದ ಹೇಳ್ತೀನಿ."

ಮುರಗೆಪ್ಪನಿಗೆ ನಗು ಬಂತು. ಮಾರುವವನು ಹೊಗಳಿದ ಎತ್ತನ್ನು ಕೊಂಡ ಮೂರ್ಖರನ್ನು ಅವನು ಬೇಕಾದಷ್ಟು ನೋಡಿದ್ದ. ಪೆಟ್ಟಿಗೆ ಕೊಡಲು ಈ ಎಳೆಯನಿಗೆ ಹೊಟ್ಟೆ ಉರಿಯುತ್ತಿದೆ, ಅದಕ್ಕೇ ಕರಿಯದನ್ನು ಹೊಗಳುತ್ತಿದ್ದಾನೆ. ಇದು ಸ್ನೇಹಲಳಿಗೆ ಹೇಗೆ ತಿಳಿಯಬೇಕು, ಮಲ್ಲೇಶನಿಗೆ ಹೇಗೆ ತಿಳಿಯಬೇಕು. ಸುಮ್ನ ಜೊತಿಗೆ ಬಂದವನು ಇಲ್ಲದಿದ್ದರೆ ಇವತ್ತು ಪೆಟ್ಟಿಗೆ ಕೈಬಿಟ್ಟು ಹೋಗುತ್ತಿತ್ತು. ಅವನು ಗಂಟಲು ಸರಿಮಾಡಿಕೊಂಡ. ಆಗ, ಹೆಗಲಿನಿಂದ ಜಾರಿ ಮೇಜಿನ ಅಂಚಿಗೆ ಬಿದ್ದಿದ್ದ ಟವೆಲಿನ ಕೆಳಗೆ, ಒಂದು ಸಣ್ಣ ಒರಟು ಕೈ ಅವನ ಕೈಯನ್ನು ಹಿಡಿಯಿತು.

ಸೊಸೆಯಾಗಿ ಬಂದ ಮೇಲೆ ಸ್ನೇಹಲ ಅವನ ಕಾಲು ಮುಟ್ಟಿ ನಮಸ್ಕರಿಸಿದ್ದುಂಟು, ಕೈ ಮುಟ್ಟಿದ್ದಿಲ್ಲ. ಅಂಗಡಿಯಲ್ಲಿ ಪರರ ಎದುರು ಮಾವನ ಮಾತಿಗೆ ಅಡ್ಡ ಮಾತಾಡುವುದು ಅವರ ಮನೆಗಳಲ್ಲಿ ನಡೆಯುವುದಿಲ್ಲ. ಆದರೆ ಟವೆಲಿನ ಭಾಷೆ ಅವಳಿಗೆ ಬರುತ್ತಿತ್ತು. ಯಾವುದೋ ಸಂಜೆ ಕರೆಂಟು ಹೋದಾಗ ಅವನೇ ಜಂಬ ಕೊಚ್ಚಿಕೊಳ್ಳುತ್ತ ಮನೆಯವರನ್ನೆಲ್ಲ ಸುತ್ತ ಕೂರಿಸಿಕೊಂಡು ಕಲಿಸಿದ್ದ: ಒಂದು ಬೆರಳಿಗೆ ಇಷ್ಟು, ಎರಡಕ್ಕೆ ಇಷ್ಟು, ಎದುರಿನವನ ಐದೂ ಬೆರಳು ಮಡಿಸಿ ಮುಷ್ಟಿ ಮುಚ್ಚಿಬಿಟ್ಟರೆ ಸೌದಾ ಬೇಡ, ಎದ್ದು ನಡೆಯೋಣ ಎಂದು. ಹೆಂಡತಿ ಗೌರಾಬಾಯಿ ಆಕಳಿಸಿದ್ದಳು, ಮಲ್ಲೇಶ ಮೊಬೈಲ್ ನೋಡುತ್ತಿದ್ದ. ಕಲಿತವಳು ಸ್ನೇಹಲ ಒಬ್ಬಳೇ. ಈಗ ಅವಳು ಅವನ ಬೆರಳುಗಳನ್ನು ಒಂದೊಂದಾಗಿ, ಹೆಬ್ಬೆರಳನ್ನೂ ಬಿಡದೆ, ಮಡಿಸಿದಳು. ಮುಷ್ಟಿ ಮುಚ್ಚಿತು. ಅವಳ ಮುಖ ಎದುರಿನ ಗೋಡೆಯ ಕ್ಯಾಲೆಂಡರಿನ ಕಡೆಗಿತ್ತು.

ಅವನಿಗೆ ಅರ್ಥವಾಯಿತು. ಅಷ್ಟು ಸ್ಪಷ್ಟವಾದ ಮಾತನ್ನು ಸಂತೆಯ ಹಳೆಯ ದಲಾಲರೂ ಅವನ ಕೈಯಲ್ಲಿ ಆಡಿರಲಿಲ್ಲ. ಒಂದು ಉಸಿರಿನಷ್ಟು ಹೊತ್ತು ಅವನಿಗೆ ಹೆಮ್ಮೆಯೂ ಆಯಿತು, ಕಲಿಸಿದ್ದು ವ್ಯರ್ಥವಾಗಲಿಲ್ಲವೆಂದು. ಆಮೇಲೆ ಅವನ ಕಣ್ಣಿಗೆ ಪೆಟ್ಟಿಗೆಯ ಮೇಲಿನ ಗಂಡಸು ಬಿದ್ದ, ಬೆಂಕಿಯೊಳಗಿಂದ ಇನ್ನೂ ಹಾರುತ್ತಲೇ ಇದ್ದ. ಬೂಟಿನ ದಾರ ಕಟ್ಟುತ್ತಿದ್ದ ಮಗನ ಬಗ್ಗಿದ ಬೆನ್ನು ನೆನಪಾಯಿತು. ಮುರಗೆಪ್ಪ ಟವೆಲಿನ ಕೆಳಗೆ ತನ್ನ ಮುಷ್ಟಿಯನ್ನು ಬಿಚ್ಚಿದ, ಕೈ ಹೊರಗೆ ತೆಗೆದ, ಮೀಸೆ ಒರೆಸಿಕೊಂಡ.

"ಇದನ್ನ ಕಟ್ಟಪಾ," ಎಂದ. "ಪೆಟಿಗಿ ಜೋಡೀನ."

ಸ್ನೇಹಲ ಕ್ಯಾಲೆಂಡರಿನಿಂದ ಮುಖ ತಿರುಗಿಸಿದಳು. ಮೊಬೈಲು ಅವಳ ಕೈಯಲ್ಲಿತ್ತು. ಅವಳು ಒಲ್ಲೆ ಎನ್ನಬಹುದಿತ್ತು, ಹಣ ಅವಳದು. ನಿಲೇಶನೂ ಅದನ್ನೇ ಕಾಯುತ್ತಿರುವವನಂತೆ ಪೆಟ್ಟಿಗೆಗೆ ಕೈ ಹಚ್ಚದೆ ನಿಂತಿದ್ದ. ಅವಳು ಮಾವನ ಮುಖ ನೋಡಿದಳು. ಅಲ್ಲಿ ಏನು ಕಂಡಿತೋ, ತಲೆ ತಗ್ಗಿಸಿ ಮೊಬೈಲನ್ನು ಗಲ್ಲಾದ ಕ್ಯೂಆರ್ ಚೌಕದ ಮೇಲೆ ಹಿಡಿದಳು. ಗಲ್ಲಾದ ಪಕ್ಕದ ಸಣ್ಣ ಡಬ್ಬಿ, ಹಣ ಬಂದದ್ದನ್ನು ಹೆಣ್ಣುದನಿಯಲ್ಲಿ ಇಡೀ ಅಂಗಡಿಗೆ ಸಾರಿತು. ಟವೆಲಿನ ಕೆಳಗಿನ ವ್ಯವಹಾರ ನಡೆಸಿದವನಿಗೆ ಅದೊಂದು ನಾಚಿಕೆಗೇಡು ಅನಿಸಿತು.

ಬಸ್‌ಸ್ಟ್ಯಾಂಡಿನವರೆಗೆ ಅವನು ಪೆಟ್ಟಿಗೆಯನ್ನು ಎದೆಗವಚಿಕೊಂಡು ನಡೆದ. ದಾರಿಯಲ್ಲಿ ಜನ ನೋಡಿದರು. ನೋಡಲಿ ಎಂದೇ ಅವನು ಗಂಡಸಿನ ಚಿತ್ರವಿದ್ದ ಕಡೆಯನ್ನು ಹೊರಗೆ ಮಾಡಿಕೊಂಡಿದ್ದ. ಸದಲಗಾ ಬಸ್ಸು ಆಗಷ್ಟೇ ಹೋಗಿತ್ತು. ಕಲ್ಲಿನ ಬೆಂಚಿನ ಮೇಲೆ ಬೀಡಿ ಎಲೆಯ ಗಂಟಿಟ್ಟುಕೊಂಡು ಕೂತಿದ್ದ ಹೆಂಗಸೊಬ್ಬಳು, ಯಾರೂ ಕೇಳದಿದ್ದರೂ, ಗಂಟನ್ನು ತನ್ನ ತೊಡೆಯ ಮೇಲೆ ಎತ್ತಿಟ್ಟುಕೊಂಡು ಇಬ್ಬರಿಗೆ ಜಾಗ ಮಾಡಿದಳು.

"ಟೀವಿ ಏನ್ರಿ ಅಣ್ಣಾರ?"

"ಅಲ್ಲ. ಆಟದ್ದು."

"ಮೊಮ್ಮಕ್ಕಳಿಗಿ?"

ಮುರಗೆಪ್ಪ ಸೊಸೆಯ ಕಡೆ ನೋಡದೆ ಉತ್ತರ ಹುಡುಕಿದ. ಮನೆಯಲ್ಲಿ ಮಕ್ಕಳಿಲ್ಲ. ಟೀವಿ ಇತ್ತು, ಅದರಲ್ಲಿ ಗೌರಾಬಾಯಿಯ ಧಾರಾವಾಹಿಗಳಿದ್ದವು. ಅವಳ ಕೈಯಿಂದ ರಿಮೋಟು ಬಿಡಿಸುವಷ್ಟು ದೊಡ್ಡ ದಲಾಲ ಇನ್ನೂ ಹುಟ್ಟಿರಲಿಲ್ಲ. "ಹಂಗ ಬಂತು," ಎಂದ. "ಫುಕಟ್."

"ಪುಣ್ಯವಂತ್ರ ಬಿಡ್ರಿ. ನಮಗ ಕೆಮ್ಮೊಂದ ಬಿಟ್ರ ಏನೂ ಫುಕಟ್ ಬರಂಗಿಲ್ಲ," ಎಂದು ಅವಳು ನಕ್ಕು, ನಗು ಕೆಮ್ಮಾಗಿ, ಆ ಕಡೆ ತಿರುಗಿದಳು.

ಸ್ನೇಹಲ ಲ್ಯಾಪ್ಟಾಪನ್ನು ತೊಡೆಯ ಮೇಲೆ ತೆರೆದಳು. ನಕ್ಷೆಯ ಪ್ರೋಗ್ರಾಮನ್ನು ಅಂಗಡಿಯಲ್ಲೇ ಹಾಕಿಸಿಕೊಂಡಿದ್ದಳು. ಅವನು ಅತ್ತ ನೋಡಬಾರದೆಂದು ಪೆಟ್ಟಿಗೆಯ ಕಡೆ ತಿರುಗಿದ. ಕೊಂಡ ದನದ ಬಾಯಿ ಬಿಡಿಸಿ ಹಲ್ಲು ನೋಡದೆ ಮನೆಗೆ ಹೊಡೆದುಕೊಂಡು ಹೋಗುವ ಪದ್ಧತಿ ಅವನದಲ್ಲ. ಕೈ ತನ್ನಷ್ಟಕ್ಕೆ ತಾನೇ ಸೀಲಿನ ಪಟ್ಟಿಯನ್ನು ಉಗುರಿನಿಂದ ಕಿತ್ತಿತು, ಪ್ಲಾಸ್ಟಿಕ್ಕಿನ ಚೀಲ ಹರಿಯಿತು. ಒಳಗೆ ಒಂದು ಬಿಳಿಯ ಇಟ್ಟಿಗೆ, ಒಂದು ಕಟ್ಟು ವಾಯರು, ಎತ್ತಿನ ಸೀಳುಗೊರಸಿನಂಥ ಎರಡು ಹಿಡಿಕೆ. ಹಾರುವ ಗಂಡಸು ಎಲ್ಲೂ ಇರಲಿಲ್ಲ. ಅವನು ಒಂದು ಗೊರಸನ್ನು ಕೈಯಲ್ಲಿ ಹಿಡಿದು ಗುಂಡಿ ಒತ್ತಿದ. ಟಕ್ ಎಂದಿತು. ಮತ್ತೆ ಒತ್ತಿದ. ಮತ್ತೆ ಟಕ್ ಎಂದಿತು. ಇಷ್ಟೇ ಎಂಬಂತೆ ಅದನ್ನು ಕೆಳಗಿಟ್ಟ.

ಆಗ ಅವನು ನೋಡಿದ. ಸ್ನೇಹಲ ಪರದೆಯ ಮೇಲೆ ಒಂದು ಗೆರೆ ಎಳೆಯುತ್ತಿದ್ದಳು. ಅವಳ ಬೆರಳು ಮುಂದೆ ಹೋಗುತ್ತಿತ್ತು, ಗೆರೆ ಹಿಂದೆ ಉಳಿಯುತ್ತಿತ್ತು. ಅವಳು ಕಾಯುತ್ತಿದ್ದಳು. ಗೆರೆ ಒಂದಿಷ್ಟು ನಡೆದು, ಸಾಲಿನ ನಡುವೆ, ಯಾರ ಮೇಲೂ ಸಿಟ್ಟಿಲ್ಲದವರಂತೆ ನಿಂತುಬಿಡುತ್ತಿತ್ತು. ಮನೆಯ ಒಂದು ಗೋಡೆ ಎದ್ದಿತ್ತು, ಎರಡನೆಯದು ಅರ್ಧಕ್ಕೆ ಬಂದು ಮಲಗಿತ್ತು. ಗೆಜ್ಜೆಯ ಘಲ್ ಎಂಬ ಸದ್ದು ಮುರಗೆಪ್ಪನಿಗೆ ಸ್ಪಷ್ಟವಾಗಿ ಕೇಳಿಸಿತು.

"ನಡಿಯಾಕತ್ತೈತೇನ?" ಎಂದ.

"ನಡೀತೈತ್ರಿ ಮಾವಾರ. ಹೊಸಾದೈತಿ, ಸ್ವಲ್ಪ ಹೊತ್ತ ಹಿಡೀತೈತಿ. ಹೊಂದತೈತಿ." ಅವಳು ಪರದೆಯನ್ನು ಅವನಿಗೆ ಕಾಣದಂತೆ ತುಸು ಆಚೆಗೆ ತಿರುಗಿಸಿಕೊಂಡಳು.

ಬೈದಿದ್ದರೆ ತಡೆದುಕೊಳ್ಳುತ್ತಿದ್ದ. ಊರಿಗೆ ಹೋಗಿ ಗಂಡನ ಮುಂದೆ ಅತ್ತಿದ್ದರೂ, ಓದಿದವಳ ಸೊಕ್ಕು ಎಂದು ಅದಕ್ಕೊಂದು ಹೆಸರು ಕೊಟ್ಟು ಮಲಗುತ್ತಿದ್ದ. ಆದರೆ ಇವಳು ಕಾಮಣ್ಣನ ಹಾಗೆ ಮಜ್ಜಿಗೆ ಕೊಡುತ್ತಿದ್ದಾಳೆ. ಸೋಮವಾರದಿಂದ ಅಥಣಿಯ ಯಾವುದೋ ಹುಡುಗಿ ಇವಳ ಮನೆಗಳನ್ನು ಕಟ್ಟುತ್ತಾಳೆ, ಇವಳು ಅಡಿಗೆಮನೆಯಿಂದ ಹೊರಗೆ ಬಂದಾಗಲೆಲ್ಲ ಹೊಂದತೈತ್ರಿ ಎನ್ನುತ್ತಾಳೆ, ಮತ್ತು ಮನೆಯಲ್ಲಿ ಸುತ್ತುಬಳಸಿ ಹೋಗಲು ಕಾಲುವೆ ಇಲ್ಲ. ಅವನು ವಾಯರು, ಇಟ್ಟಿಗೆ, ಗೊರಸುಗಳನ್ನು ಪೆಟ್ಟಿಗೆಗೆ ತುರುಕಿದ. ಬಂದಂತೆ ಅವು ಒಳಗೆ ಹೋಗಲೊಲ್ಲವು. ಬೀಡಿ ಹೆಂಗಸು ಒಂದು ಕೈ ಹಚ್ಚಿ ಮುಚ್ಚಳ ಅದುಮಿದಳು.

"ಅದನ್ನ ಇಲ್ಲಿ ಕೊಡು ಯವ್ವಾ," ಎಂದು ಲ್ಯಾಪ್ಟಾಪಿಗೆ ಕೈ ಚಾಚಿದ. ಸ್ನೇಹಲ ಅವನನ್ನು ನೋಡಿ, ಮುಚ್ಚಿ, ಚೀಲಕ್ಕೆ ಹಾಕಿ ಕೊಟ್ಟಳು. ನಾನೂ ಬರಲೇ ಎಂದು ಕೇಳಲಿಲ್ಲ. ಕೇಳದೆ ಇದ್ದದ್ದಕ್ಕೆ ಅವನು ಅಂಗಡಿಯವರೆಗೂ ಅವಳಿಗೆ ಋಣಿಯಾಗಿದ್ದ.

ನಿಲೇಶ ಮತ್ತೆ ನೀರು ಕೊಟ್ಟ. ಮುರಗೆಪ್ಪ ಮೇಜಿನ ಮೇಲೆ ಎರಡನ್ನೂ ಇಟ್ಟು, ಸುತ್ತ ಯಾರಿದ್ದಾರೆಂದು ನೋಡಿ, ಹೆಗಲಿನ ಟವೆಲ್ ತೆಗೆದು ಕೈಯ ಮೇಲೆ ಹಾಸಿ, ಆ ಕೈಯನ್ನು ಮುಂದೆ ಚಾಚಿದ. ನಿಲೇಶ ಟವೆಲಿನ ಸಮೇತ ಅದನ್ನು ಹಿಡಿದು ಎರಡು ಸಲ ಕುಲುಕಿದ. "ಧನ್ಯವಾದ ಕಾಕಾ. ಏನರೆ ಬಿಟ್ಟ ಹೋಗಿತ್ತೇನ್ರಿ?"

ಆ ಕೈಯನ್ನು ಹಿಂದಕ್ಕೆ ತೆಗೆದುಕೊಂಡು, ಟವೆಲನ್ನು ಮಡಿಸಿ, ಮುರಗೆಪ್ಪ ಜೀವನದಲ್ಲಿ ಮೊದಲ ಸಲ ಒಂದು ವ್ಯವಹಾರವನ್ನು ಬಾಯಿಬಿಟ್ಟು, ನಾಲ್ಕು ಜನರ ಎದುರಿಗೆ ಮಾಡಿದ. "ಇದು ಬ್ಯಾಡಪಾ. ಕರೇದ ಬೇಕು. ಆಕೀ ಹೇಳಿದ್ಲು, ನೀನೂ ಹೇಳಿದಿ. ನಾ ಕೇಳಲಿಲ್ಲ."

ಮೊಬೈಲ್ ಕವರ್ ನೋಡುತ್ತಿದ್ದ ಇಬ್ಬರು ಹುಡುಗಿಯರು ತಲೆ ಎತ್ತಿ ನೋಡಿ ಮತ್ತೆ ಕವರ್ ನೋಡತೊಡಗಿದರು. ನಿಲೇಶ ಲ್ಯಾಪ್ಟಾಪನ್ನು ತೆರೆದು ಅತ್ತಿತ್ತ ತಿರುಗಿಸಿದ. "ಇದು ಆಗತೈತಿ ಕಾಕಾ, ಈಗಷ್ಟ ಒಯ್ದೀರಿ, ನಾ ಬದಲ ಮಾಡ್ತೀನಿ," ಎಂದ. ಆಮೇಲೆ ಪೆಟ್ಟಿಗೆಯ ಹರಿದ ಪಟ್ಟಿಯ ಮೇಲೆ ಬೆರಳಾಡಿಸಿದ. "ಇದರ ಸೀಲ್ ಒಡದೀರಲ್ರೀ."

"ಹಲ್ಲ ನೋಡಿದ್ನೆಪಾ."

"ಇದು ವಾಪಸ್ ಹೋಗಂಗಿಲ್ಲ ಕಾಕಾ. ಕಂಪನಿಯವರು ತಗೊಳಂಗಿಲ್ಲ, ನನ್ನ ಮ್ಯಾಲ ಬೀಳತೈತಿ."

"ಫುಕಟ್ ಅಂದಿದ್ದಿ?"

"ಕೊಡೂಮುಂದ ಫುಕಟ್ ಕಾಕಾ," ಎಂದ ನಿಲೇಶ, ನಿಜವಾಗಿಯೂ ಸಂಕೋಚದಿಂದ. "ತಿರುಗಿ ತಗೊಳ್ಳೂಮುಂದ ಅಲ್ಲ."

ಮುರಗೆಪ್ಪ ಕೂತ. ಕಾಲ ಹಿಂದಿನದಾಗಿದ್ದರೆ ಇಲ್ಲಿಂದ ಒಂದು ಹೊಸ ವ್ಯವಹಾರ ಸುರುವಾಗುತ್ತಿತ್ತು. ಸಂಜೆಯ ಹೊತ್ತಿಗೆ ಈ ಎಳೆಯ ಕರಿಯದನ್ನೂ ಕೊಟ್ಟು, ಪೆಟ್ಟಿಗೆಯನ್ನೂ ಕೊಟ್ಟು, ಬಸ್ಸಿನವರೆಗೆ ಹೊತ್ತು ತಂದು ಹತ್ತಿಸುತ್ತಿದ್ದ. ಬಾಯಿ ತೆರೆದ ಕೂಡಲೇ ಅಪ್ಪನ ಮಾತುಗಳೆಲ್ಲ ನಾಲಿಗೆಯ ಮೇಲೆ ಸಾಲುಗಟ್ಟಿದವು. ಅಲ್ಲಿ ಬೆಂಚಿನ ಮೇಲೆ ಅವಳು ಪರದೆಯನ್ನು ಆಚೆಗೆ ತಿರುಗಿಸಿಕೊಂಡದ್ದು ಕಣ್ಣಿಗೆ ಕಟ್ಟಿತು. ಅವನು ಬಾಯಿ ಮುಚ್ಚಿದ. ಕಬ್ಬಿನ ಗೊಬ್ಬರಕ್ಕೆಂದು ಬನಿಯನ್ನಿನ ಒಳಜೇಬಿನಲ್ಲಿ ಇಟ್ಟುಕೊಂಡಿದ್ದ ನೋಟುಗಳನ್ನು ತೆಗೆದು, ಪೆಟ್ಟಿಗೆಯ ಮೇಲೆ ಅಚ್ಚಾಗಿದ್ದ ಬೆಲೆಯನ್ನು ಒಂದು ಪೈಸೆ ಚೌಕಾಶಿಯಿಲ್ಲದೆ ಮೇಜಿನ ಮೇಲಿಟ್ಟ. ದೂಧಗಂಗಾದ ಈಚೆ ದಂಡೆಯಲ್ಲಿ ಫುಕಟ್ ಮಾಲಿಗೆ ಪೂರಾ ದರ ಕೊಟ್ಟ ಮೊದಲ ಗಿರಾಕಿ ತಾನೇ ಇರಬೇಕು ಎಂದು ಅವನಿಗೆ ಅನಿಸಿತು. ಹಾಗೆ ಅನಿಸಿದಾಗ ಒಳಗೆಲ್ಲೋ, ಬಹಳ ಸಣ್ಣಗೆ, ನಗುವೂ ಬಂತು. ನಿಲೇಶ ಕರಿಯ ಲ್ಯಾಪ್ಟಾಪಿಗೆ ನಕ್ಷೆಯ ಪ್ರೋಗ್ರಾಮು ಹಾಕಿ ಕೊಟ್ಟ. ಕೊಡುವಾಗ ಏನೋ ನೆನಪಾದವನಂತೆ ಒಂದು ಚೀಲ ತೆಗೆದ. "ಇದು ನನ್ನ ಕಡೆಯಿಂದ ಕಾಕಾ, ಫುಕ..."

"ಬ್ಯಾಡಪಾ," ಎಂದ ಮುರಗೆಪ್ಪ. "ಚೀಲದ ದರ ಹೇಳು."

ಬಸ್‌ಸ್ಟ್ಯಾಂಡಿಗೆ ಮರಳುವಾಗ ಗಂಡಸಿನ ಚಿತ್ರವಿದ್ದ ಕಡೆಯನ್ನು ಅವನು ಎದೆಯ ಕಡೆಗೆ ಮಾಡಿಕೊಂಡಿದ್ದ. ಇನ್ನೊಂದು ಸದಲಗಾ ಬಸ್ಸೂ ಹೋಗಿತ್ತು, ಸ್ನೇಹಲ ಹತ್ತಿರಲಿಲ್ಲ. ಬೀಡಿ ಹೆಂಗಸು ಎದ್ದು ಹೋಗುವಾಗ ಅವನ ಜಾಗದಲ್ಲಿ ನೀರಿನ ಬಾಟಲಿ ಇಟ್ಟು ಜಾಗ ಹಿಡಿದಿರು ಎಂದು ಸ್ನೇಹಲಳಿಗೆ ಹೇಳಿ ಹೋದಳಂತೆ. ಅವನು ಚೀಲವನ್ನು ಸೊಸೆಯ ತೊಡೆಯ ಮೇಲಿಟ್ಟ. ಅವಳು ಒಳಗೆ ನೋಡಿದಳು, ಬಹಳ ಹೊತ್ತು ನೋಡಿದಳು. ಆಮೇಲೆ ತೆರೆದು ಒಂದು ಗೆರೆ ಎಳೆದಳು. ಗೆರೆ ಅವಳ ಬೆರಳಿನ ಜೊತೆಗೇ ಹೋಯಿತು. ತಿರುಗಿದಲ್ಲಿ ತಿರುಗಿತು, ನಿಂತಲ್ಲಿ ನಿಂತಿತು. ನಾಲ್ಕು ಗೋಡೆ ಎದ್ದವು. ಅವಳು ಬಾಗಿಲು ಎಲ್ಲಿಡಬೇಕೆಂದು ಯೋಚಿಸುವವಳಂತೆ ತಡೆದು, ಮುಚ್ಚಿ, ಪಕ್ಕಕ್ಕಿಟ್ಟಳು.

"ಯವ್ವಾ, ಅಂಗಡ್ಯಾಗ ನೀ ನನ್ನ ಕೈ..." ಎಂದು ಮುರಗೆಪ್ಪ ಸುರುಮಾಡಿದ.

"ಹೊತ್ತಾತ್ರಿ ಮಾವಾರ," ಎಂದು ಸ್ನೇಹಲ ಬುತ್ತಿಯ ಗಂಟು ಬಿಚ್ಚಿದಳು.

ಬಿಳಿಯ ಜೋಳದ ರೊಟ್ಟಿ, ಬದನೆಕಾಯಿ ಪಲ್ಯ, ಶೇಂಗಾ ಚಟ್ನಿ. ಅವಳು ರೊಟ್ಟಿಯನ್ನು ಕೈಗೆತ್ತಿಕೊಂಡು ಅದರ ಗಟ್ಟಿಯಾದ ಅಂಚನ್ನು ಸುತ್ತಲೂ, ಅವಸರವಿಲ್ಲದೆ, ಚೂರು ಚೂರಾಗಿ ಮುರಿದು ತನ್ನ ಕಡೆ ಇಟ್ಟುಕೊಳ್ಳುತ್ತ ಹೋದಳು. ಮುರಗೆಪ್ಪ ನೋಡುತ್ತಿದ್ದ. ಅವನ ಎಡಗಡೆಯ ದವಡೆಯ ಹಲ್ಲುಗಳು ಹೋಗಿ ಎಷ್ಟು ಕಾಲವಾಯಿತೋ. ಅವನು ಅದನ್ನು ಯಾರಿಗೂ ಹೇಳಿರಲಿಲ್ಲ, ಗೌರಾಬಾಯಿಗೂ. ದನದ ಹಲ್ಲು ನೋಡುವವನ ಬಾಯಲ್ಲಿ ಹಲ್ಲಿಲ್ಲವೆಂದು ಊರು ನಗಬಾರದೆಂದು. ಆದರೂ ಈ ಮನೆಯಲ್ಲಿ ತನ್ನ ತಾಟಿಗೆ ಬೀಳುವ ರೊಟ್ಟಿಗೆ ಅಂಚು ಇಲ್ಲದೆ ಎಷ್ಟು ಕಾಲವಾಯಿತೆಂದು ನೆನಪಿಸಿಕೊಳ್ಳಲು ಹೋದ, ನೆನಪಾಗಲಿಲ್ಲ. ಸ್ನೇಹಲ ನಡುವಿನ ಮೆತ್ತನೆಯ ಭಾಗವನ್ನು ಡಬ್ಬಿಯ ಮುಚ್ಚಳದಲ್ಲಿಟ್ಟು, ಅದರ ಮೇಲೆ ಪಲ್ಯ ಹಾಕಿ, ಅವನ ಕಡೆಗೆ ನೋಡದೆ, ಎರಡೂ ಕೈಯಿಂದ ಅವನ ಮುಂದೆ ಹಿಡಿದಳು.